ಒಂದೇ ಒಲೆಯ ಮನೆ

ಅದೇನದು, ಅಂಗಳದಲ್ಲಿ ತಿರುತಿರುಗಿ ಬಂದು ನನ್ನ ಒದ್ದೆ ಕಾಲಿಗೆ ಅಂಟಿಕೊಂಡದ್ದು, ಚಿಟ್ಟೆಯ ರೆಕ್ಕೆಯೇ, ಅಲ್ಲ, ತೆಳ್ಳಗೆ, ಗುಲಾಬಿ ಬಣ್ಣ, ಉಳ್ಳಾಗಡ್ಡಿ ಸಿಪ್ಪೆ — ನಮ್ಮ ಅಂಗಳದಲ್ಲಿ ಉಳ್ಳಾಗಡ್ಡಿ ಸಿಪ್ಪೆ ಎಲ್ಲಿಂದ ಬರಬೇಕು, ನಾಲ್ಕು ಮನೆಗೆ ಒಂದೇ ಒಲೆ, ಆ ಒಲೆಯ ಮುಂದೆ ಒಂಬತ್ತು ವರ್ಷ ಕೂತವಳು ನಾನು, ತಾರಾಬಾಯಿ, ಜೈನರ ಹೆಂಗಸು, ಒಂದು ದಿನವೂ ಉಳ್ಳಾಗಡ್ಡಿ ಮುಟ್ಟಿದವಳಲ್ಲ, ರಸ್ತೆ ಬದಿಯ ಖಾನಾವಳಿಯಿಂದ ಹಾರಿ ಬಂದಿರಬೇಕು, ಆಗಾಗ ವಾಸನೆಯೂ ಅಲ್ಲಿಂದಲೇ ಬರುತ್ತದೆ, ಇರಲಿ, ಈ ದೊಡ್ಡ ಬೋಗುಣಿ ತಿಕ್ಕಿ ಮುಗಿಸಬೇಕು, ನಾಳೆಯಿಂದ ಇದಕ್ಕೆ ಕೆಲಸವಿಲ್ಲ. ಬೆಳಿಗ್ಗೆ ಮುರಿಗೆಪ್ಪ ಮಾಸ್ತರರು ತಲೆ ಬಗ್ಗಿಸಿ ಹೇಳಿದರಲ್ಲ, ವೈನಿ, ಖರ್ಚು ನಿಭಾಯಿಸಾಕ ಆಗವಲ್ದ್ರಿ, ನಾಳಿಂದ ಅವರವರ ಮನ್ಯಾಗ ಅವರವರು ಮಾಡ್ಕೊಳ್ಳೂಣು, ಅಡಗಿ ಮನಿ ಎಸ್‌ಟಿಡಿ ಬೂತಿಗೆ ಬಾಡಿಗಿ ಕೊಟ್ರ ನಾಕು ರೊಕ್ಕರ ಬರ್ತಾವು. ಪಾಪ ಅನ್ನಿಸಿತು ನನಗೆ, ನನ್ನ ಒಲೆ ಆರಿಸುವವರ ಮೇಲೆ ನನಗೇ ಪಾಪ ಅನ್ನಿಸಿತು, ಅಡುಗೆಮನೆ ಉಳಿಯಲಿ ಎಂದು ಕೈಯಲ್ಲಿದ್ದ ಎರಡೂ ಬಂಗಾರದ ಪಾಟಲಿ ದೀಪಾವಳಿಗೆ ಮುಂಚೆಯೇ ಬಿಚ್ಚಿ ಕೊಟ್ಟಿದ್ದೆ, ಅವರ ಹೆಂಡತಿ ದಾಕ್ಷಾಯಿಣಿಯೇ ಗೋಕಾಕಿಗೆ ಒಯ್ದು ಪತ್ತಾರನಿಗೆ ಮಾರಿ ಜೋಳ ಬ್ಯಾಳಿ ತಂದಳು, ಒಯ್ಯುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಅಳಬ್ಯಾಡ ದಾಕ್ಷಾ, ಬಂಗಾರ ಹೋದ್ರ ಹೋಗ್ಲಿ, ಪಂಕ್ತಿ ಮುರಿಬಾರ್ದು ಅಂದೆ. ಪಂಕ್ತಿ. ನಮ್ಮವರ ಮಾತು ಅದು, ಜಿನಪ್ಪ ಮಾಸ್ತರರದು, ಗೋಕಾಕದ ಸಾಲಿಯಲ್ಲಿ ಮುರಿಗೆಪ್ಪನವರ ಜೊತೆ ಕಲಿಸಿ ಪೆನ್ಶನ್ ಆದ ಮೇಲೆ ಘೋಡಗೇರಿಯ ಈ ಜಾಗ ಕೂಡಿ ಕೊಂಡರು, ಮೂಡಲಗಿಯಿಂದ ಇನ್ನೆರಡು ಮನೆತನ ಬಂದವು, ನಡುವೆ ಗೋಡೆ ಇಲ್ಲ, ಟಿವಿ ಇಲ್ಲ, ಮೈಮೇಲೆ ಖಾದಿ, ಕೂಡಿ ಉಂಡ್ರ ಖರ್ಚೂ ಕಮ್ಮಿ, ಆಸೇನೂ ಕಮ್ಮಿ ಅನ್ನುತ್ತಿದ್ದರು. ಹೊತ್ತು ಮುಳುಗುವ ಮುಂಚೆ ಎಲ್ಲರ ಊಟ ಆಗಬೇಕು, ಉಳ್ಳಾಗಡ್ಡಿ ಬೆಳ್ಳುಳ್ಳಿ ಒಳಗೆ ಬರಬಾರದು, ಇದನ್ನು ನಾನು ಕೇಳಿದ್ದೆನೇ, ನಾನು ಕೇಳಲೇ ಇಲ್ಲ, ಮುರಿಗೆಪ್ಪನವರು ತಾವಾಗಿಯೇ ಎದ್ದು ನಿಂತರು, ವೈನಿ ಒಲಿ ಮುಂದ ಕುಂದ್ರತಾರಂದ್ರ ಅವರ ಧರ್ಮನ ನಮ್ಮೆಲ್ಲಾರ ಧರ್ಮ, ಲಿಂಗಾಯತರ ಬಾಯಲ್ಲಿ ಆ ಮಾತು ಕೇಳಿ ನಾನು ಅತ್ತುಬಿಟ್ಟಿದ್ದೆ. ಈ ವರ್ಷ ಉಳ್ಳಾಗಡ್ಡಿ ತುಟ್ಟಿಯಾಗಿ ಸಂತೆಯಲ್ಲಿ ಜನ ಮುಟ್ಟಿ ನೋಡಿ ಇಟ್ಟು ಬರುವಾಗ ಎಷ್ಟು ಜಂಬ ಕೊಚ್ಚಿದೆ, ನಮಗ್ಯಾಕ್ರಿ ಅದರ ಗೊಡವಿ ಅಂದೆ, ಎಲ್ಲರೂ ನಕ್ಕರು, ಚೆನ್ನಾಗಿ ನಕ್ಕರು.

ಇಗೋ ಇನ್ನೊಂದು ಸಿಪ್ಪೆ, ಅಲ್ಲೊಂದು, ಖಾನಾವಳಿಯ ಕಡೆಯಿಂದ ಅಲ್ಲ, ಗಾಳಿ ಈ ಕಡೆಯದು, ದಾಕ್ಷಾಯಿಣಿಯ ಹಿತ್ತಿಲ ಕಡೆಯದು — ಈ ಹೊತ್ತಿನಲ್ಲಿ ನಾನು ಹೊರಗೆ ಇರುವುದೇ ಇಲ್ಲ, ಉಂಡು ಕೈ ತೊಳೆದ ಕೂಡಲೇ ಬಾಗಿಲು ಮುಂದೆ ಮಾಡಿ ಜಪಕ್ಕೆ ಕೂಡುತ್ತೇನೆ, ಕಣ್ಣು ಮುಚ್ಚಿ ಣಮೋಕಾರ, ನಮ್ಮವರಿದ್ದಾಗಲೂ ಹಾಗೇ, ನೀ ಜಪ ಮಾಡು, ನಾ ಒಂದೀಟು ಗಾಳಿಗೆ ಹೋಗಿ ಬರ್ತೇನಿ ಅನ್ನುವರು, ಬರುವಾಗ ಬಾಯಲ್ಲಿ ಲವಂಗ, ಆ ಲವಂಗದ ವಾಸನೆ ನನಗೆ ಎಷ್ಟು ಸೇರುತ್ತಿತ್ತು — ಹಿತ್ತಿಲ ಬಾಗಿಲು ಅರ್ಧ ತೆರೆದಿದೆ, ಒಳಗೆ ಪಂಪ್ ಸ್ಟೋವಿನ ಸದ್ದು ಭುಸ್ ಅನ್ನುತ್ತಿದೆ, ಹಂಚಿನ ಮೇಲೆ ಕಡಲೆಹಿಟ್ಟಿನ ಝುಣಕ, ದಾಕ್ಷಾಯಿಣಿ ಈಳಿಗೆ ಮಣೆಯ ಮುಂದೆ ಕೂತಿದ್ದಾಳೆ, ಕಣ್ಣಲ್ಲಿ ನೀರು, ಸೆರಗಿನಿಂದ ಒರೆಸಿಕೊಳ್ಳುತ್ತಾಳೆ, ಪಾಟಲಿ ಒಯ್ಯುವಾಗ ಒರೆಸಿಕೊಂಡ ಹಾಗೆಯೇ, ಅದೂ ಉಳ್ಳಾಗಡ್ಡಿಯದೇ ಏನು. ಅಯ್ಯ ತಾರಕ್ಕ, ನೀವು ಈ ಹೊತ್ತಿನ್ಯಾಗ ಜಪಕ್ಕ ಕುಂತಿರ್ತೀರಲ್ರಿ. ಅಷ್ಟೇ ಸಾಕು, ಆ ಒಂದು ಮಾತಿನಲ್ಲಿ ಎಲ್ಲ ತಿಳಿಯಿತು. ಎಂದಿನಿಂದ ಇದು, ದಾಕ್ಷಾ. ಮೊದಲಿಂದನ ಐತ್ರಿ, ಸುಳ್ಳು ಯಾಕ ಹೇಳ್ಲಿ, ಮೂರೂ ಮನ್ಯಾಗ ಐತಿ, ಹೊತ್ತು ಮುಳಗೂಕಿಂತ ಮೊದಲ ಉಂಡ್ರ ಹುಡುಗರಿಗೆ ರಾತ್ರಿ ಮತ್ತ ಹಸಿವ್ರಿ, ಆ ಖರ್ಚು ಬ್ಯಾರೆ, ಈ ಖರ್ಚು ಬ್ಯಾರೆ, ಎರಡೆರಡು ಒಲಿ ಎಷ್ಟು ದಿನ ತಾಳತಾವ್ರಿ, ನಿಮಗ ನೋವಾಗಬಾರ್ದಂತ ಯಾರೂ ಬಾಯಿ ಬಿಡಲಿಲ್ಲ. ನನಗೆ ನೋವಾಗಬಾರದೆಂದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ, ಇಲ್ಲಿ ಕಣ್ಣು ಮುಚ್ಚಿದವಳು ನಾನು, ಹಾಲು ಕುಡಿದವರು ಅವರು, ನನ್ನ ಪಾಟಲಿ ಹೋದದ್ದು ಬಡತನಕ್ಕಲ್ಲ, ಈ ಸ್ಟೋವಿಗೆ. ನಮ್ಮವರಿದ್ದಿದ್ದರೆ ನೀವು ಹೀಗೆ ಮಾಡುತ್ತಿದ್ದಿರೇನು ಅಂದೆ, ಕೂಗಿದೆ ಅಂತ ಕಾಣುತ್ತದೆ, ಅವಳು ಸ್ಟೋವಿನ ಗಾಳಿ ಬಿಟ್ಟಳು, ಸದ್ದು ನಿಂತಿತು. ಹೇಳಬ್ಯಾಡ್ರಿ ಅಂದಾವ್ರು ನಿಮ್ಮವರ ರೀ ತಾರಕ್ಕ. ಇಲ್ಲೇ ಈ ಮಣಿ ಮ್ಯಾಲೆ ಕುಂದ್ರತಿದ್ರು, ಬಿಸಿ ರೊಟ್ಟಿ ಹಾಕಿದ್ರ ಸಾಕು, ಉಳ್ಳಾಗಡ್ಡಿ ತಾವ ಮುಷ್ಟಿಲೆ ಗುದ್ದಿ ತಿಂತಿದ್ರು, ಹೋಗುಮುಂದ ಒಂದು ಲವಂಗ ಕೊಡು ತಂಗಿ ಅಂತಿದ್ರು.

ಬಾಗಿಲು ಮುಂದೆ ಮಾಡಿದ್ದೇನೆ, ಜಪಮಾಲೆ ಕೈಯಲ್ಲಿದೆ, ಮಂತ್ರ ನೆನಪಾಗುತ್ತಿಲ್ಲ, ಬರೀ ಲವಂಗ, ಲವಂಗ, ಅವರು ಹೋದ ಹನ್ನೊಂದನೆಯ ದಿನ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಸಿಕ್ಕಿತ್ತಲ್ಲ ಒಂದು ಗುಲಾಬಿ ಪಕಳೆ, ಸ್ತವನಿಧಿ ಬಸದಿಗೆ ಹೋದಾಗಿನ ಪ್ರಸಾದವೆಂದು ದೇವರ ಪೆಟ್ಟಿಗೆಯಲ್ಲಿ ಇಟ್ಟೆ, ಮೂರು ವರ್ಷದಿಂದ ದಿನಾ ಸ್ನಾನವಾದ ಮೇಲೆ ಕಣ್ಣಿಗೆ ಒತ್ತಿಕೊಳ್ಳುತ್ತೇನೆ, ಪೆಟ್ಟಿಗೆ ತೆಗೆಯಬಾರದು, ತೆಗೆಯಬೇಡ ತಾರಾ, ತೆಗೆದಿದ್ದೇನೆ, ದೀಪಕ್ಕೆ ಹಿಡಿದಿದ್ದೇನೆ, ತೆಳ್ಳಗೆ, ಗುಲಾಬಿ ಬಣ್ಣ, ಬುಡದಿಂದ ತುದಿಯವರೆಗೆ ಉದ್ದ ಗೆರೆಗಳು, ಪಕಳೆಗೆ ಹೀಗೆ ಗೆರೆ ಇರುವುದಿಲ್ಲ, ಬೆರಳಲ್ಲಿ ಹಿಡಿದರೆ ಚರಪರ ಅನ್ನುತ್ತದೆ, ಕಾಲಿಗೆ ಅಂಟಿದ್ದು ಇನ್ನೂ ಕಾಲಿಗೇ ಇದೆ, ಇದು ಕೈಯಲ್ಲಿ, ಅದು ಕಾಲಲ್ಲಿ, ಉದ್ದ ಗೆರೆ, ಗುಲಾಬಿ ಬಣ್ಣ, ಸಿಪ್ಪೆ, ಸಿಪ್ಪೆ