ಭಾನುವಾರದ ಕಪ್ಪು ಕಿಟಕಿ

ಪಕ್ಕನೆ ತೆರೆದು ಪಕ್ಕನೆ ಮುಚ್ಚಿಕೊಂಡಿತು ಲ್ಯಾಪ್‌ಟಾಪ್ ಪರದೆಯ ಮೂಲೆಯ ಆ ಕಪ್ಪು ಕಿಟಕಿ, ಕಣ್ಣು ಹೊಡೆದ ಹಾಗೆ — ಅಲ್ಲ, ಇವತ್ತು ಭಾನುವಾರ, ಇವತ್ತೇಕೆ ಬಂತು ಇದು, ಕೈಯಲ್ಲಿ ಬ್ರಷ್ಷು, ಬಾಯಿ ತುಂಬ ನೊರೆ, ಅಯ್ಯೋ, ಹೋಯಿತು, ಅಕ್ಕನಿಗೆ ಮೇಲ್ ಹೋಗಿಯೇ ಹೋಯಿತು, ಆಫೀಸ್ ತಲುಪಿದೆ ಅಕ್ಕಾ, ಆರಾಮಾಗಿದೀನಿ. ನೈಟಿಯಲ್ಲಿ ನಿಂತಿದ್ದೇನೆ, ಆಫೀಸಂತೆ ಆಫೀಸು! ರಿಪೇರಿಯಾಗಿ ಬಂದ ಲ್ಯಾಪ್‌ಟಾಪಿಗೆ ಎಲ್ಲವನ್ನೂ ಹೊಸದಾಗಿ ಹಾಕುವಾಗ ಭಾನುವಾರದ ಟಿಕ್ ತೆಗೆಯಲು ಮರೆತಿದ್ದೇನೆ, ಮಂಗ. ನಾನು ಕೆಲಸ ಮಾಡುವ ಎಕ್ಸ್‌ರೇ ಕೇಂದ್ರದಲ್ಲಿ ಕಲಿತ ವಿದ್ಯೆ ಇದು, ಒಂದೊಂದು ಚಿತ್ರಕ್ಕೂ ಹೆಸರು ಬದಲಾಯಿಸಿ ಬೆರಳು ಸವೆಯುತ್ತಿದ್ದಾಗ ಅಲ್ಲಿಗೆ ಬಂದ ಕಂಪ್ಯೂಟರ್ ರಿಪೇರಿಯವರು ಹೇಳಿದ್ದು, ಹೊಸದೇನೂ ಕೊಳ್ಬೇಡಿ ಮೇಡಂ, ಒಳಗೇ ಇದೆ, ಟಾಸ್ಕ್ ಶೆಡ್ಯೂಲರ್, ಏನು ಮಾಡ್ಬೇಕು ಯಾವಾಗ ಮಾಡ್ಬೇಕು ಅಂತ ಹೇಳ್ಬಿಟ್ರೆ ಕತ್ತೆ ಥರ ದುಡಿಯುತ್ತೆ. ದುಡಿಯಿತು. ಅಕ್ಕನಿಗೆ ಬರೆಯುವುದೂ ದಿನಾ ಅದೇ ಸಾಲು ತಾನೇ, ಅದನ್ನೂ ಕತ್ತೆಯ ಬೆನ್ನಿಗೇರಿಸಿದೆ. ಈಗ ಉಗಿತಾಳೆ ನೋಡು, ಭಾನುವಾರ ಯಾವ ಆಫೀಸೇ, ಯಾರ ಕಿವಿಗೆ ಹೂ ಇಡ್ತೀಯ, ಟೈಲರ್ ಅವಳು, ಅರ್ಧ ಎಳೆ ಹೊಲಿಗೆ ತಪ್ಪಿದರೂ ಅವಳ ಕಣ್ಣಿಗೆ ಬೀಳುತ್ತದೆ. ಹಾಂ, ಬಂತು — ಒಳ್ಳೇದು ಕಣೇ, ಊಟ ಬಿಡ್ಬೇಡ.

ದಿನಾ ಬರುವ ಸಾಲೇ, ನಾನು ನೊರೆ ಉಗಿಯುವ ಮೊದಲೇ, ಅವಳೋ ಒಂದೊಂದು ಅಕ್ಷರ ಹುಡುಕಿ ಒತ್ತುವವಳು — ಬೇಸಿಗೆಯಲ್ಲಿ ಅವಳ ಮನೆಗೆ ಹೋದಾಗ ನಾನೇ ಅಲ್ಲವೇ ಅವಳ ಮೇಲ್‌ನಿಂದ ಉತ್ತರ ತಾನಾಗಿ ಹೋಗುವ ಹಾಗೆ ಮಾಡಿಕೊಟ್ಟದ್ದು, ಗಿರಾಕಿಗಳಿಗೆ, ಅಳತೆ ಸಿಕ್ಕಿತು, ಬಟ್ಟೆ ಸಿದ್ಧವಾದಾಗ ತಿಳಿಸುತ್ತೇನೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನನ್ನ ಹೆಗಲ ಮೇಲಿಂದ ನೋಡುತ್ತಿದ್ದಳು, ಹೌದೇನೇ, ಯಾರಿಗ್ ಬೇಕಾದ್ರೂ ಹೀಗ್ ಹಾಕ್ಬೋದಾ, ಹೂಂ ಅಕ್ಕಾ, ಯಾರಿಗ್ ಬೇಕಾದ್ರೂ. ಗುರುವಿಗೇ ತಿರುಮಂತ್ರ! ನಗು ಬರಬೇಕಿತ್ತು, ಬರುತ್ತಿಲ್ಲ. ಎಂದಿನಿಂದ ಹೀಗೆ, ನನ್ನ ಕತ್ತೆ ಹೇಳುತ್ತದೆ, ಅವಳ ಕತ್ತೆ ಹೂಂಗುಡುತ್ತದೆ, ನಾವಿಬ್ಬರು ಎಲ್ಲಿ ಹೋದೆವು. ಅವಳೂ ಒಬ್ಬಳೇ ಅಲ್ಲಿ, ಮೊನ್ನೆ ತಲೆಸುತ್ತು ಅಂದಿದ್ದಳು, ಮೊನ್ನೆ ಎಲ್ಲಿ, ಅದೂ ಬೇಸಿಗೆಯಲ್ಲೇ. ಬಿದ್ದಿದ್ದರೂ ಈ ಸಾಲು ಬರುತ್ತದೆ, ಬಿದ್ದು ವಾರವಾಗಿದ್ದರೂ ಬರುತ್ತದೆ. ಈ ಸಲ ನನ್ನ ಕೈಯಿಂದಲೇ ಬರೆಯುತ್ತೇನೆ, ಅಕ್ಕಾ, ಜ್ವರ ಬಂದಿದೆ, ಒಬ್ಬಳೇ ಇದೀನಿ, ಭಯ ಆಗ್ತಿದೆ. ಜ್ವರ ಸುಳ್ಳು, ಮಿಕ್ಕದ್ದು ನಿಜ. ಕಳಿಸಿದೆ — ಒಳ್ಳೇದು ಕಣೇ, ಊಟ ಬಿಡ್ಬೇಡ. ಫೋನ್ ಮಾಡಬೇಕು, ನಮ್ಮ ಮನೆಯಲ್ಲಿ ಹೊತ್ತಲ್ಲದ ಹೊತ್ತಿಗೆ ಫೋನ್ ಬಂದರೆ ಯಾರೋ ಹೋದರು ಅಂತಲೇ ಅರ್ಥ, ಅದಕ್ಕೇ ಈ ಮೇಲ್ ಹಿಡಿದದ್ದು, ಇರಲಿ, ಬೆಚ್ಚಿಬೀಳಲಿ, ಬಾಯಿಗೆ ಬಂದ ಹಾಗೆ ಬೈಯಲಿ, ಎತ್ತಿದರೆ ಸಾಕು. ರಿಂಗಾಗುತ್ತಿದೆ. ಹೊಲಿಗೆ ಮಿಷನ್ನಿನ ಸದ್ದಿಗೆ ಕೇಳಿಸುತ್ತಿಲ್ಲ, ಅಷ್ಟೇ, ಬಾಯಲ್ಲಿ ಗುಂಡುಸೂಜಿ ಇರುತ್ತದೆ, ತೆಗೆದಿಟ್ಟು ಬರಬೇಕಲ್ಲ, ರಿಂಗಾಗುತ್ತಿದೆ, ಎತ್ತೇ ಅಕ್ಕಾ, ಎತ್ತೇ, ರಿಂಗಾಗುತ್ತಲೇ ಇದೆ, ಎದುರಿಗೆ ಪರದೆಯ ಮೇಲೆ ಒಳ್ಳೇದು ಕಣೇ, ಊಟ ಬಿಡ್ಬೇಡ, ಒಳ್ಳೇದು ಕಣೇ