ಅಮ್ಮಿಯ ಕೆಮ್ಮು

ಚಿತ್ರದುರ್ಗದಲ್ಲಿ ನಮ್ಮದು ಖಾರದಪುಡಿ ಅಂಗಡಿ. ಯಾವ ಮನೆಯ ಪುಡಿಗೆ ಎಷ್ಟು ಧನಿಯಾ, ಎಷ್ಟು ಮೆಣಸಿನಕಾಯಿ ಎಂಬುದೆಲ್ಲ ನನ್ನ ತಾಯಿ ಅಮ್ಮಿಯ ತಲೆಯಲ್ಲಿದೆ. ಬರೆದಿಟ್ಟರೆ ಯಾರಾದರೂ ಕದಿಯುತ್ತಾರೆಂದು ಅವಳು ಒಂದಕ್ಷರವನ್ನೂ ಬರೆಯಗೊಡಲಿಲ್ಲ.

ಎದುರಿಗೆ ದೊಡ್ಡ ಕಂಪನಿಯೊಂದು ಮಸಾಲೆ ಮಳಿಗೆ ತೆರೆದಿದೆ. ಅದರ ಮ್ಯಾನೇಜರ್ ಚೌಡೇಶ್ವರಿ ದಿನಾ ನಮ್ಮಲ್ಲಿಗೆ ಬಂದು ಚಹಾ ಕುಡಿಯುತ್ತಾಳೆ. ಒಳ್ಳೆಯ ಹುಡುಗಿ ಅಂದುಕೊಂಡಿದ್ದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ನಿನ್ನೆ ಅವಳು ಮರೆತು ಬಿಟ್ಟುಹೋದ ಫೈಲನ್ನು ಇವತ್ತು ತೆರೆದೆ. ನಮ್ಮ ಅಂಗಡಿಯ ಹೆಸರಿನ ಕೆಳಗೆ ಹೀಗಿತ್ತು: 'ಬಲ: ಮುದುಕಿಯ ನೆನಪು. ದೌರ್ಬಲ್ಯ: ಬೇರೆ ಯಾರಿಗೂ ಗೊತ್ತಿಲ್ಲ, ವಯಸ್ಸು ಎಪ್ಪತ್ತೆಂಟು. ತಂತ್ರ: ಬೆಲೆ ಇಳಿಸುವುದು ಬೇಡ, ಕಾಯೋಣ.'

ಫೈಲು ಮುಚ್ಚಿ ತಲೆಯೆತ್ತಿದೆ. ಬಾಗಿಲಲ್ಲಿ ಚೌಡೇಶ್ವರಿ ನಗುತ್ತ ನಿಂತಿದ್ದಳು.

"ಅಜ್ಜಿ, ಕೆಮ್ಮು ಹೆಂಗೈತ್ರಿ?"

"ಜಾಸ್ತಿ ಆಗೈತಮ್ಮ," ಅಂದಳು ಅಮ್ಮಿ. "ಬಾ, ಕುಂತ್ಕ. ಚಹಾ ಕುಡಿ."