ಎಲ್ಲರಿಗೂ ಹದಿನೆಂಟು

ನರ್ಸಿಂಗ್ ಪದವಿಯ ಎರಡನೇ ವರ್ಷದಲ್ಲಿ ನನಗೆ ಸಿಕ್ಕ ಬಿರುದು ‘ಗಡಿಯಾರ’. ಕಾರಣ, ನಾನು ರೋಗಿಗಳ ಉಸಿರನ್ನು ನಿಜವಾಗಿಯೂ ಎಣಿಸುತ್ತಿದ್ದೆ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗಿಬಿಡುತ್ತದೆ. ಅದಕ್ಕೇ ನಾಡಿ ನೋಡಿಯಾದ ಮೇಲೂ ಮಣಿಕಟ್ಟು ಬಿಡದೆ, ಏನೂ ಅರಿಯದವರ ಹಾಗೆ ಎದೆಯ ಏರಿಳಿತ ನೋಡಬೇಕು, ಪೂರ್ತಿ ಒಂದು ನಿಮಿಷ. ನಮ್ಮ ತಂಡದ ಉಳಿದ ಏಳು ಹುಡುಗಿಯರು ಅಷ್ಟೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಜ್ವರ, ನಾಡಿ, ಬಿಪಿ ನೋಡಿ, ಉಸಿರಿನ ಜಾಗದಲ್ಲಿ ಆರೋಗ್ಯವಂತರಿಗೆ ಇರುವ ಹಾಗೆ ಹದಿನೆಂಟು ಎಂದು ಗೀಚಿ ಟೀಗೆ ಓಡುತ್ತಿದ್ದರು. ಅವರ ಲೆಕ್ಕದಲ್ಲಿ ಇಡೀ ವಾರ್ಡು ಒಂದೇ ತಾಳಕ್ಕೆ ಉಸಿರಾಡುತ್ತಿತ್ತು. ನಾನು ಮುಗಿಸಿ ಕ್ಯಾಂಟೀನು ಸೇರುವಷ್ಟರಲ್ಲಿ ಕುರ್ಚಿಗಳೆಲ್ಲ ಖಾಲಿ.

ಹಾಸ್ಟೆಲ್ಲಿನಲ್ಲೂ ನನ್ನದು ಇದೇ ಪಾಡು. ನಾನು ಒಳಗೆ ಬಂದರೆ ನಡೆಯುತ್ತಿದ್ದ ಮಾತು ನಿಂತುಹೋಗುತ್ತಿತ್ತು. ಜಗಳವೇನೂ ಇರಲಿಲ್ಲ. ಇದ್ದಿದ್ದರೆ ಅಷ್ಟಾದರೂ ಮಾತಾಡಿದಂತಾಗುತ್ತಿತ್ತು.

ನನ್ನೊಂದಿಗೆ ಮಾತಾಡುತ್ತಿದ್ದವರು ಏಳನೇ ಮಂಚದ ಟೈಲರ್ ಅಜ್ಜಿ ಒಬ್ಬರೇ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮಲಗಿದಲ್ಲಿಂದಲೇ ನನ್ನ ಯೂನಿಫಾರ್ಮನ್ನು ಅಳೆಯುತ್ತಿದ್ದರು.

“ಭುಜ ಅರ್ಧ ಇಂಚು ಸಡಿಲ. ಯಾವ ಪುಣ್ಯಾತ್ಮ ಹೊಲಿದಿದ್ದು? ಅದಿರಲಿ, ನೀನ್ಯಾಕೆ ಯಾವಾಗಲೂ ಒಬ್ಬಳೇ ಟೀಗೆ ಹೋಗ್ತೀಯ? ಗೆಳತಿಯರಿಲ್ವಾ?”

“ಇದ್ದಾರೆ ಅಜ್ಜಿ.”

“ಇದ್ದಾರಂತೆ!” ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಅಜ್ಜಿಯ ಮಣಿಕಟ್ಟು ಹಿಡಿದಿದ್ದೆ. ತಂಡದ ಲೀಡರಮ್ಮ ಬಾಗಿಲಲ್ಲಿ ಇಣುಕಿದಳು. “ಏ ಗಡಿಯಾರ, ಬರ್ತೀಯಾ? ನಿಂಗೂ ಟೀ ಹೇಳಿದೀವಿ.”

ಈ ತಂಡ ಸೇರಿದ ಎಂಟು ತಿಂಗಳಲ್ಲಿ ಮೊದಲ ಸಲ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಹೋಗು... ತಾಯಿ,” ಎಂದರು ಅಜ್ಜಿ. “ಕರೀತಿದ್ದಾರೆ... ಹೋಗು.” ಮಾತು ನಡುನಡುವೆ ತುಂಡಾಗುತ್ತಿತ್ತು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹದಿನೆಂಟು ಎಂದು ಬರೆದು ಓಡಿದೆ.

ಎರಡು ಗಂಟೆಯ ನಂತರ ವಾರ್ಡಿನ ಸಿಸ್ಟರ್ ಎಣಿಸಿದಾಗ ಮೂವತ್ತನಾಲ್ಕು ಇತ್ತು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಜ್ಜಿಯನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಆ ಎರಡು ಗಂಟೆ ನನ್ನ ತಪ್ಪಿನಿಂದ ಹೋಗಿತ್ತು.

ಸಿಸ್ಟರ್ ನಮ್ಮೆಂಟು ಜನರ ಆ ಬೆಳಗಿನ ಚಾರ್ಟುಗಳನ್ನೂ ಮೇಜಿನ ಮೇಲೆ ಹರಡಿದರು. “ಎಲ್ಲರಿಗೂ ಹದಿನೆಂಟು. ಎಣಿಸದೆ ಬರೆದವರು ಯಾರು?”

ಏಳು ಜನವೂ ನನ್ನನ್ನೇ ನೋಡಿದರು. ಬಾಯಿ ಮುಚ್ಚಿಕೊಂಡಿದ್ದರೆ ನಾಳೆಯೂ ನನಗೊಂದು ಕುರ್ಚಿ ಇರುತ್ತಿತ್ತು. ತೆರೆದರೆ ಏನೆಂಬುದು ಆ ಕಣ್ಣುಗಳಲ್ಲೇ ಇತ್ತು. ಅಜ್ಜಿಯ ತುಂಡು ತುಂಡು ಮಾತು ನೆನಪಾಯಿತು.

“ನಾನು ಎಣಿಸಲಿಲ್ಲ, ಸಿಸ್ಟರ್.”

“ನೀನಾ? ನೀನು ದಿನಾ ಎಣಿಸ್ತಿದ್ದೆಯಲ್ಲ! ಇವತ್ತೇನಾಗಿತ್ತು?”

“ಟೀಗೆ ಕರೆದ್ರು.”

ಸಿಸ್ಟರ್ ಡ್ಯೂಟಿ ಪುಸ್ತಕ ತೆಗೆದರು. ನಾನು ರಜೆಯಲ್ಲಿ ಆರು ವಾರ ಇದೇ ವಾರ್ಡಿನಲ್ಲಿ ಒಬ್ಬಳೇ ಮತ್ತೆ ಡ್ಯೂಟಿ ಮಾಡಬೇಕೆಂದು ಬರೆದರು. ಉಳಿದವರಿಗೆ ಇನ್ನು ಮುಂದೆ ತಾವೇ ಪಕ್ಕದಲ್ಲಿ ನಿಂತು ಎಣಿಕೆ ಮಾಡಿಸುವುದಾಗಿ ಹೇಳಿದರು. ಅಲ್ಲಿಗೆ ಅವರ ಟೀಯೂ ಹೋಯಿತು. ಮೊದಲು ಅವರು ನನ್ನೊಂದಿಗೆ ಮಾತಾಡದಿದ್ದುದು ಅಭ್ಯಾಸವಿಲ್ಲದ್ದಕ್ಕೆ, ಈಗ ಹಟ ಹಿಡಿದು ಮಾತು ಬಿಟ್ಟರು.

ಐದನೇ ದಿನ ಅಜ್ಜಿಯನ್ನು ನೋಡಲು ಬಿಟ್ಟರು. ಬದುಕಿದ್ದರು, ಆದರೆ ಅರ್ಧ ಆಗಿಹೋಗಿದ್ದರು. “ಅಜ್ಜಿ, ಅವತ್ತು ನಾನು ಎಣಿಸದೆ ಸುಳ್ಳು ಬರೆದೆ. ನನ್ನಿಂದಲೇ ತಡವಾಯ್ತು,” ಎಂದೆ.

ಅವರು ಆಕ್ಸಿಜನ್ ಮಾಸ್ಕನ್ನು ಎರಡು ಬೆರಳಿನಿಂದ ಸರಿಸಿದರು. ಬಯ್ಯಲಿ ಎಂದು ಕಾದೆ.

“ಟೀಗೆ ಹೋದೆಯಲ್ಲ,” ಎಂದರು. “ಮಾತಾಡಿಸಿದ್ರಾ?”

“ಇಲ್ಲ ಅಜ್ಜಿ. ಅವರವರೇ ಮಾತಾಡ್ಕೊಂಡ್ರು.”

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗಂತೂ ಪ್ರತಿ ಭಾನುವಾರ ಫೋನಿನಲ್ಲಿ, ಇಲ್ಲಿ ಎಲ್ಲರೂ ತುಂಬಾ ಒಳ್ಳೆಯವರು ಎನ್ನುತ್ತಿದ್ದೆ.